ನಿರೀಕ್ಷಣಾ ಪಟ್ಟಿ, ಕ್ರಮಾಂಕ ಮೂರು

ಮಾರ್ಚ್ ೩, ಸೋಮವಾರ

ಇವತ್ತು ನನ್ನ ಅರ್ಜಿಯನ್ನು ನಾನೇ ನನಗೆ ಸಲ್ಲಿಸಿದೆ.

ಬೇರೆ ದಾರಿ ಇರಲಿಲ್ಲ. ರಾಜ್ಯಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ. ಅರ್ಜಿ ತೆಗೆದುಕೊಳ್ಳುವ ಕಿಟಕಿ ಒಂದೇ, ಅದರ ಹಿಂದೆ ಹದಿನೇಳು ವರ್ಷದಿಂದ ಕೂತಿರುವ ಗುಮಾಸ್ತೆ ನಾನೊಬ್ಬಳೇ. ಕಡತ ಮುಚ್ಚಿಟ್ಟು ಹೊರಗೆ ಹೋದೆ. ಕಿಟಕಿಯಿಂದ ಕೈ ಹಾಕಿ ಅರ್ಜಿಯನ್ನು ಮೇಜಿನ ಮೇಲಿಟ್ಟೆ. ಒಳಗೆ ಬಂದು ತೆಗೆದುಕೊಂಡೆ. ಯಾರಾದರೂ ನೋಡಿದ್ದರೆ ಇವಳಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಅನ್ನಲಿ. ನಾಳೆ ಯಾರೂ ‘ಒಳಗಿಂದಲೇ ತುರುಕಿದಳು’ ಅನ್ನಬಾರದು. ಪರಿಶೀಲನೆ ಮಾಡುತ್ತಾ ನೋಡುತ್ತೇನೆ, ಫೋಟೋದ ಮೇಲೆ ಸಹಿಯೇ ಇಲ್ಲ! ಈ ಒಂದು ತಪ್ಪಿಗೆ ಎಷ್ಟು ಮಂದಿಯನ್ನು ವಾಪಸ್ ಅಟ್ಟಿದ್ದೇನೋ. ನನ್ನನ್ನೂ ಅಟ್ಟಿದೆ. ಮತ್ತೆ ಹೊರಗೆ ಹೋಗಿ ಸಹಿ ಹಾಕಿ ಬಂದೆ.

ಅಷ್ಟರಲ್ಲಿ ಒಬ್ಬಾತ ಏದುಸಿರು ಬಿಡುತ್ತಾ ಕಿಟಕಿಗೆ ಬಂದ. ಗಂಟೆ ಒಂದಾಗಿತ್ತು. ‘ಊಟದ ವೇಳೆ’ ಹಲಗೆ ಇಟ್ಟು ಗಾಜು ಎಳೆದು ಚಿಲಕ ಹಾಕಿದೆ. ನಿಯಮ ಅಂದರೆ ನಿಯಮ.

ಇದನ್ನೆಲ್ಲ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಹೇಳಿದರೆ ಮಗಳು ನಗುತ್ತಾಳೆ, ವಿಭಾಗದಲ್ಲಿ ಹೇಳಿದರೆ ಒಬ್ಬೊಬ್ಬರೂ ನಲವತ್ತು ನಿಮಿಷ ಪಾಠ ಮಾಡುತ್ತಾರೆ. ನನಗೆ ನಲವತ್ತನಾಲ್ಕು. ವಿಶ್ವವಿದ್ಯಾಲಯದ ನೌಕರರಿಗೆ ಓದಲು ಅನುಮತಿ ನಲವತ್ತೈದರವರೆಗೆ ಮಾತ್ರ. ಈ ಸಲ ತಪ್ಪಿದರೆ ಇನ್ನೊಂದೇ ಸಲ. ಬೇರೆಯವರ ಅರವತ್ತೊಂದು ಪ್ರಬಂಧಗಳಿಗೆ ಮುಖಪುಟ ಟೈಪ್ ಮಾಡಿಕೊಟ್ಟಿದ್ದೇನೆ. ಅರವತ್ತೆರಡನೆಯದರ ಮೇಲೆ ನನ್ನ ಹೆಸರು ಇರಬೇಕು. ಆಸೆ ಅಷ್ಟೇ.

ವಿಷಯ: ‘ಕಚೇರಿಗಳಲ್ಲಿ ಪ್ರಜೆಗಳನ್ನು ಕಾಯಿಸುವಿಕೆ ಮತ್ತು ಅಧಿಕಾರ’. ಇದು ನನಗೆ ಹೇಗೆ ಹೊಳೆಯಿತೋ ಗೊತ್ತಿಲ್ಲ.

ಮಾರ್ಚ್ ೬

ಅರ್ಜಿದಾರಳೂ ನಾನೇ, ಅರ್ಜಿ ನೋಡುವವಳೂ ನಾನೇ. ಇದು ಸರಿಯಲ್ಲವೆಂದು ಮುಖ್ಯಸ್ಥರಿಗೆ ಟಿಪ್ಪಣಿ ಬರೆದೆ. ಅವರು ಓದಿ, ಕನ್ನಡಕ ತೆಗೆದು, ‘ಇದರಲ್ಲಿ ಎರಡೂ ಕಡೆ ವಾದ ಇದೆ’ ಅಂದರು. ಅವರಿಗೆ ಎಲ್ಲದರಲ್ಲೂ ಎರಡೂ ಕಡೆ ವಾದ ಇರುತ್ತದೆ. ಫ್ಯಾನ್ ಹಾಕಲಾ ಅಂತ ಕೇಳಿದರೂ ಇರುತ್ತದೆ.

ಟಿಪ್ಪಣಿ ಆಡಳಿತ ಕಚೇರಿಗೆ ಹೋಯಿತು. ಎರಡೇ ದಿನಕ್ಕೆ ಉತ್ತರ ಬಂತು: ‘ಈ ವಿಷಯದಲ್ಲಿ ವಿಭಾಗದ ಕಚೇರಿಯೇ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು.’ ವಿಭಾಗದ ಕಚೇರಿ ಅಂದರೆ ಯಾರು? ನಾನು.

ಕೈಗೊಂಡೆ. ಪಕ್ಷಪಾತ ಮಾಡಕೂಡದೆಂದು ನನಗೆ ನಾನೇ ಎಚ್ಚರಿಕೆ ಪತ್ರ ಟೈಪ್ ಮಾಡಿ, ‘ತಲುಪಿದೆ’ ಎಂದು ಸಹಿ ಹಾಕಿ, ಪ್ರತಿಯನ್ನು ಡ್ರಾಯರಿನಲ್ಲಿಟ್ಟೆ. ಭಾಷೆ ಸ್ವಲ್ಪ ಖಾರವಾಯಿತು ಅನಿಸಿತು. ಮನಸ್ಸಿಗೆ ಬೇಜಾರೂ ಆಯಿತು.

ಮಾರ್ಚ್ ೨೦

ಸಂದರ್ಶನ. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಕೂಗುವುದು ನನ್ನ ಕೆಲಸ. ಹನ್ನೊಂದು ಹೆಸರು ಕೂಗಿದೆ. ಹನ್ನೆರಡನೆಯದು ನನ್ನದು. ಅದನ್ನೂ ಕೂಗಿದೆ. ಯಾರೂ ಬರಲಿಲ್ಲ. ಆಮೇಲೆ ನೆನಪಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮೊದಲ ಐದು ನಿಮಿಷ ಚೆನ್ನಾಗಿಯೇ ಹೋಯಿತು. ಅಷ್ಟರಲ್ಲಿ ಹೊರಗೆ ನನ್ನ ಮೇಜಿನ ಫೋನ್ ಬಡಿದುಕೊಂಡಿತು. ಮುಖ್ಯಸ್ಥರು ಅಭ್ಯಾಸಬಲದಿಂದ, ‘ಸ್ವಲ್ಪ ನೋಡ್ರೀ’ ಅಂದರು. ನಾನೂ ಅಭ್ಯಾಸಬಲದಿಂದ ಎದ್ದು ಹೋಗಿ, ‘ಫಲಿತಾಂಶ ನೋಟಿಸ್ ಬೋರ್ಡಿನಲ್ಲಿ ಹಾಕ್ತೀವಿ, ಫೋನ್ ಮಾಡಬೇಡಿ’ ಎಂದು ಫೋನ್ ಕುಕ್ಕಿ ಬಂದು ಕೂತೆ. ಗಡ್ಡದ ಮೇಷ್ಟ್ರು, ಅವರ ವಿಷಯವೂ ಅಧಿಕಾರವೇ, ನನ್ನನ್ನೇ ನೋಡುತ್ತಿದ್ದರು.

‘ಕ್ಷೇತ್ರಕಾರ್ಯದ ಅನುಭವ ಏನಾದ್ರೂ ಇದೆಯಾ? ಅಂದ್ರೆ, ಕಚೇರಿಗಳಲ್ಲಿ ಜನ ಹೇಗೆ ಕಾಯ್ತಾರೆ ಅಂತ ಹತ್ತಿರದಿಂದ ನೋಡಿದ್ದೀರಾ?’

‘ಇಲ್ಲ ಸಾರ್. ಅವಕಾಶ ಸಿಕ್ಕಿಲ್ಲ’ ಅಂದೆ.

ಅವರು ಗಡ್ಡ ಕೆರೆದುಕೊಂಡು ಏನೋ ಬರೆದುಕೊಂಡರು. ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಒಂದೆರಡು ಅಂಕ ಕೊಟ್ಟಿರಬೇಕು.

ಏಪ್ರಿಲ್ ೪

ಸೀಟು ನಾಲ್ಕು. ಆಯ್ಕೆಯಾದವರು ನಾಲ್ವರು. ನಿರೀಕ್ಷಣಾ ಪಟ್ಟಿಯಲ್ಲಿ ಮೂವರು. ನಾನು ಮೂರನೆಯವಳು. ಮುಖ್ಯಸ್ಥರು ಕೈಬರಹದಲ್ಲಿ ಕೊಟ್ಟ ಪಟ್ಟಿಯನ್ನು ಟೈಪ್ ಮಾಡುತ್ತಾ ಬಂದೆ, ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. ಆಮೇಲೆ ನನ್ನ ಅರ್ಜಿ ಸಂಖ್ಯೆಯನ್ನೂ ಟೈಪ್ ಮಾಡಿ, ಮೊಹರು ಒತ್ತಿ, ನಾನೇ ಹೋಗಿ ಬೋರ್ಡಿಗೆ ಅಂಟಿಸಿದೆ. ಪಟ್ಟಿಯಲ್ಲಿ ಹೆಸರು ಹಾಕುವುದಿಲ್ಲ, ಬರೀ ಸಂಖ್ಯೆ. ಸದ್ಯ.

ಮನೆಯಲ್ಲಿ ಹೇಳಿದಾಗ ಇವರು, ‘ಮೂರನೇದಾ? ಹತ್ತಿರಾನೇ ಇದೆ ಬಿಡು’ ಅಂದರು. ಇವರು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾರೆ. ದಿನವೂ ಜೀವ ಕೈಯಲ್ಲಿ ಹಿಡಿದು ದುಡಿಯುವುದರಿಂದ ಇವರಿಗೆ ಎಲ್ಲವೂ ಪಾರಾಗುವ ಹಾಗೇ ಕಾಣುತ್ತದೆ. ‘ಮುಂದೆ ಎರಡೇ ಗಾಡಿ. ಕ್ಲಚ್ ಮೇಲೆ ಕಾಲಿಟ್ಟುಕೊಂಡು ಕೂತಿರು.’

ಮಗಳು, ‘ಅಮ್ಮಾ, ಆ ಮುಂದಿನ ಇಬ್ಬರ ಅಡ್ರೆಸ್ ನಿನ್ನತ್ರಾನೇ ಇದೆಯಲ್ವಾ?’ ಎಂದು ಹುಬ್ಬು ಕುಣಿಸಿದಳು. ಹದಿನೇಳು ವರ್ಷದವಳು. ನಾಲಿಗೆಗೆ ಎಪ್ಪತ್ತು.

ಏಪ್ರಿಲ್ ೮

ಅಂಚೆಯಲ್ಲಿ ಪತ್ರ ಬಂತು. ಕಳಿಸಿದವಳು ನಾನೇ. ಆದರೂ ಚಪ್ಪಲಿ ಬಿಡದೆಯೇ ಒಡೆದೆ ಅಂದರೆ ನಂಬಬೇಕು.

‘ತಮ್ಮ ಅರ್ಜಿಯು ಪರಿಶೀಲನೆಯಲ್ಲಿರುತ್ತದೆ. ಸೂಕ್ತ ಸಮಯದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಈ ಸಂಬಂಧ ಯಾವುದೇ ವಿಚಾರಣೆ ಅಥವಾ ಪತ್ರವ್ಯವಹಾರ ಮಾಡತಕ್ಕದ್ದಲ್ಲ.’

ಪಿತ್ತ ನೆತ್ತಿಗೇರಿತು. ಸೂಕ್ತ ಸಮಯ ಅಂದರೆ ಯಾವಾಗ? ಮನುಷ್ಯರು ಕೇಳಲೂಬಾರದೇ? ಇಷ್ಟು ದಿನ ಕಾದವರಿಗೆ ಒಂದು ನೆಟ್ಟಗಿನ ಮಾತು ಬೇಡವೇ? ‘ಇದನ್ನ ಬರೆದ ಪುಣ್ಯಾತ್ಮ ಯಾರು ಅಂತೀನಿ!’ ಎಂದು ಪತ್ರವನ್ನು ಕುರ್ಚಿಯ ಮೇಲೆ ಎಸೆದೆ.

ಮಗಳು ಅದನ್ನು ಎತ್ತಿಕೊಂಡು, ಕೆಳಗೆ ಎಡಮೂಲೆಯಲ್ಲಿ ಸಣ್ಣಗೆ ಇದ್ದ ಕರಡು ತಯಾರಿಸಿದವರ ಗುರುತಿನ ಅಕ್ಷರಗಳನ್ನು ಓದಿ, ಅಲ್ಲೇ ಬೆರಳಿಟ್ಟು ನನ್ನ ಕೈಗೆ ಕೊಟ್ಟಳು. ಹನ್ನೊಂದು ವರ್ಷದ ಹಿಂದೆ ನಾನೇ ಬರೆದದ್ದು. ಆಗಿನ ಮುಖ್ಯಸ್ಥರು ‘ಬಿಗಿಯಾಗಿದೆ’ ಎಂದು ಹೊಗಳಿದ್ದರು.

ಏಪ್ರಿಲ್ ೧೧

ಸುದ್ದಿ ಏನೂ ಇಲ್ಲ. ಬಂದರೂ ನನ್ನ ಕೈಯಿಂದಲೇ ಬರಬೇಕು. ಆದರೂ ಎರಡು ಸಲ ಮನೆಯ ಅಂಚೆಡಬ್ಬಿ ನೋಡಿದೆ.

ಏಪ್ರಿಲ್ ೧೬

ಒಂದನೇ ನಂಬರೂ ಎರಡನೇ ನಂಬರೂ ಒಟ್ಟಿಗೆ ಕಿಟಕಿಗೆ ಬಂದರು. ಒಂದನೆಯವರು ಶಾಲಾ ಮೇಷ್ಟ್ರು, ಐವತ್ತರ ಹತ್ತಿರದವರು, ಅಂಗಿಯ ಜೇಬಿನ ತುಂಬ ಪೆನ್ನು. ಎರಡನೆಯವಳು ಹುಡುಗಿ, ಸೈಕಲ್ ಅಂಗಡಿಯ ಮೇಲೆ ಬಾಡಿಗೆ ಕೋಣೆ, ಹೆಗಲಿಗೆ ಅವಳಿಗಿಂತ ದೊಡ್ಡ ಚೀಲ. ಇಬ್ಬರಿಗೂ ನೋಟಿಸ್ ಬೋರ್ಡಿನ ಮುಂದೆ ಪರಿಚಯವಾಗಿದೆಯಂತೆ.

‘ಮೇಡಂ, ವೇಟಿಂಗ್ ಲಿಸ್ಟು ಅಂದ್ರೆ ನಿಜವಾಗ್ಲೂ ಏನು? ಯಾರೂ ಹೇಳ್ತಾನೇ ಇಲ್ಲ’ ಅಂದಳು ಹುಡುಗಿ.

‘ನೋಟಿಸ್ ಬೋರ್ಡ್ ನೋಡಿ’ ಎಂದು ಬಾಯಿಯ ತನಕ ಬಂದಿತ್ತು. ಆದರೆ ಇದೇ ಪ್ರಶ್ನೆ ಎಂಟು ದಿನದಿಂದ ನನ್ನನ್ನೂ ತಿನ್ನುತ್ತಿತ್ತು. ಆಯ್ಕೆಯಾದವರು ಬರದಿದ್ದರೆ ಮೊದಲು ಒಂದನೆಯವರು, ಆಮೇಲೆ ಎರಡನೆಯವರು, ಮೇ ಮೂವತ್ತರ ಸಂಜೆ ಐದಕ್ಕೆ ಪಟ್ಟಿ ರದ್ದು ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಹೇಳುತ್ತಾ ಹೇಳುತ್ತಾ ನನಗೂ ಸ್ವಲ್ಪ ಹಗುರವಾಯಿತು.

‘ಆ ಮೂರನೇ ನಂಬರ್ ಯಾರು ಮೇಡಂ?’ ಎಂದು ಮೇಷ್ಟ್ರು ದನಿ ತಗ್ಗಿಸಿದರು. ‘ಒಂದು ದಿನಾನೂ ಬೋರ್ಡ್ ಹತ್ರ ಕಾಣಿಸಿಲ್ಲ. ಭಾರಿ ವಶೀಲಿ ಇರೋರು ಅನ್ಸುತ್ತೆ.’

‘ಇಲ್ಲಪ್ಪ, ಪಾಪದವರು’ ಅಂದುಬಿಟ್ಟೆ.

ಗೋಡೆಯ ಗಡಿಯಾರ ನೋಡಿದರೆ ಒಂದೂಕಾಲು. ಇಬ್ಬರೂ ಮೂವತ್ತೈದು ನಿಮಿಷ ನಿಂತಿದ್ದರು. ಸುಮ್ಮನೆ ಈ ಪುಸ್ತಕದ ಅಂಚಿನಲ್ಲಿ ಬರೆದಿಟ್ಟೆ. ಕಿಟಕಿಯ ಚಿಲಕ ಬಿಗಿಯಾಗಿದೆ, ಎಳೆಯಲು ಬೇಜಾರು. ರಿಪೇರಿಗೆ ಹೇಳಬೇಕು.

ಏಪ್ರಿಲ್ ೨೯

ಆಯ್ಕೆಯಾದವರಲ್ಲಿ ಒಬ್ಬರು ಬೇರೆ ಕಡೆ ಸೇರಿಕೊಂಡರಂತೆ. ಒಂದು ಸೀಟು ಖಾಲಿ!

ಶಾಲಾ ಮೇಷ್ಟ್ರಿಗೆ ಫೋನ್ ಮಾಡಿದೆ. ಬೇಸಿಗೆ ರಜೆಯ ವಿಶೇಷ ತರಗತಿಯಲ್ಲಿದ್ದರು, ಹಿಂದೆ ಮಕ್ಕಳ ಗದ್ದಲ. ಸುದ್ದಿ ಹೇಳಿದೆ. ಆಮೇಲೆ, ‘ಏಯ್, ಎಲ್ಲಾ ಕೂತ್ಕೊಳ್ರೋ. ಇವತ್ತು ಪಾಠ ಇಲ್ಲ’ ಅನ್ನುವುದು ಕೇಳಿಸಿತು. ಮಕ್ಕಳು ಕಿರುಚಿದ ರಭಸಕ್ಕೆ ಫೋನನ್ನು ಕಿವಿಯಿಂದ ದೂರ ಹಿಡಿದೆ.

ನನಗೆ ಖುಷಿಯಾಯಿತು. ಒಂದು ಗಾಡಿ ಮುಂದೆ ಹೋಯಿತು ಅಂತಲೂ ಆಯಿತು, ಬರೀ ಖುಷಿಯೂ ಆಯಿತು. ಎಷ್ಟೆಷ್ಟು ಅಂತ ಬೇರ್ಪಡಿಸಲು ಹೋಗಲಿಲ್ಲ.

ಮೇ ೧೪

ಹುಡುಗಿ ಇವತ್ತೂ ಬಂದಿದ್ದಳು. ಒಂಬತ್ತನೆಯ ಸಲ. ಹದಿನೆಂಟು ನಿಮಿಷ. ಸೀಟು ಸಿಗದಿದ್ದರೆ ಕೋಣೆ ಖಾಲಿ ಮಾಡಿ ಅಣ್ಣನ ಮನೆಗೆ ಹೋಗಬೇಕಂತೆ, ಅಲ್ಲಿ ಅತ್ತಿಗೆ ಈಗಾಗಲೇ ಒಂದು ಸಂಬಂಧ ನೋಡಿಟ್ಟಿದ್ದಾಳಂತೆ. ‘ಅವರೂ ವೇಟಿಂಗ್ ಲಿಸ್ಟಲ್ಲೇ ಇದ್ದಾರೆ ಮೇಡಂ’ ಎಂದು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ.

ಈ ಹುಡುಗಿಯನ್ನು ಇಷ್ಟಪಡಬಾರದಿತ್ತು. ಇವಳು ನನ್ನ ಮುಂದಿನ ಗಾಡಿ.

ಮೇ ೨೮

ಇನ್ನೊಂದು ಸೀಟು ಖಾಲಿ. ಆಯ್ಕೆಯಾದ ಒಬ್ಬಾತ ಗಡುವಿನೊಳಗೆ ಹೆಸರು ನೋಂದಾಯಿಸಲಿಲ್ಲ. ಸಂಜೆ ಆದೇಶ ಕೈಗೆ ಬಂತು. ಎರಡು ದಿನದಲ್ಲಿ ಮೂರು ಸಲ ಫೋನ್ ಮಾಡಬೇಕು, ಅಭ್ಯರ್ಥಿ ಸಿಗದಿದ್ದರೆ ಮುಂದಿನವರಿಗೆ. ಈ ನಿಯಮವನ್ನೂ ನಾನೇ ಟೈಪ್ ಮಾಡಿದ್ದು.

ಮೇ ೨೯, ಗುರುವಾರ

ಬೆಳಿಗ್ಗೆ ಹನ್ನೊಂದಕ್ಕೆ ಹುಡುಗಿಗೆ ಮೊದಲ ಕರೆ. ‘ಸ್ವಿಚ್ ಆಫ್’. ನಾಲ್ಕಕ್ಕೆ ಎರಡನೆಯದು. ಅದೇ. ದಿನಾ ಪ್ರಾಣ ತಿನ್ನುತ್ತಿದ್ದವಳು ಇವತ್ತು ಎಲ್ಲಿ ಮಾಯವಾದಳು?

ಮನೆಯಲ್ಲಿ ಹೇಳಿದೆ. ಇವರು ತಟ್ಟೆಯಿಂದ ತಲೆಯೆತ್ತಿ, ‘ಹಸಿರು ದೀಪ ಬಿದ್ದಿದೆ, ಮುಂದಿನ ಗಾಡಿ ಅಲ್ಲಾಡ್ತಿಲ್ಲ. ಪಕ್ಕದಿಂದ ಹೋಗೋದಪ್ಪ, ತಪ್ಪೇನಿಲ್ಲ’ ಅಂದರು. ಮಗಳು ಮಾತ್ರ ಏನೂ ಅನ್ನಲಿಲ್ಲ. ಅವಳು ಸುಮ್ಮನಿದ್ದರೆ ನನಗೆ ಭಯ.

ಮೇ ೩೦, ಶುಕ್ರವಾರ

ಹತ್ತೂವರೆಗೆ ಮೂರನೆಯ ಕರೆ. ಸ್ವಿಚ್ ಆಫ್. ಸಮಯ ಹಾಕಿ ಪುಸ್ತಕದಲ್ಲಿ ಬರೆದೆ. ನಿಯಮ ಮುಗಿಯಿತು.

ಮುಖ್ಯಸ್ಥರು ಬಂದು, ‘ಮೂರು ಕರೆ ಆಯ್ತಲ್ಲ? ಹಾಗಾದ್ರೆ ಐದಕ್ಕೆ ನಿಮ್ಮ ಹೆಸರು ಬರೀರಿ. ಇದರಲ್ಲಿ ಎರಡು ವಾದ ಇಲ್ಲ’ ಅಂದರು. ಹದಿನೇಳು ವರ್ಷದಲ್ಲಿ ಮೊದಲ ಸಲ ಅವರ ಬಾಯಿಂದ ಒಂದೇ ವಾದ ಬಂತು, ಅದೂ ನನ್ನ ಪರವಾಗಿ. ನನ್ನ ಕಣ್ಣು ತುಂಬಿತು. ಅರವತ್ತೆರಡನೆಯ ಮುಖಪುಟ ಕಣ್ಣ ಮುಂದೆ ಬಂತು. ಅಕ್ಷರದ ಗಾತ್ರ ಎಷ್ಟಿರಬೇಕು ಅಂತಲೂ ಯೋಚಿಸಿದೆ.

ಮೂರು ಗಂಟೆಗೆ ಒಳ್ಳೆಯ ಪೆನ್ನು ಹುಡುಕಲು ಡ್ರಾಯರ್ ಎಳೆದರೆ, ಮೇಲೆಯೇ ಆ ಎಚ್ಚರಿಕೆ ಪತ್ರ. ಅದನ್ನು ಮಗುಚಿಟ್ಟೆ. ಕಾಗದಕ್ಕೆಲ್ಲ ಹೆದರುವವಳಲ್ಲ ನಾನು, ಎಷ್ಟು ಎಚ್ಚರಿಕೆ ಪತ್ರ ಟೈಪ್ ಮಾಡಿಲ್ಲ! ಪೆನ್ನು ಸಿಕ್ಕಿತು. ಮೊದಲು ಕರಡು ಬರೆಯೋಣವೆಂದು ಈ ಪುಸ್ತಕ ತೆರೆದರೆ ಅಂಚಿನಲ್ಲಿ ಅವಳದೇ ಸಾಲು: ಹದಿನೆಂಟು ನಿಮಿಷ, ಇಪ್ಪತ್ತೆರಡು, ಒಂಬತ್ತು, ನಲವತ್ತು. ಹನ್ನೊಂದು ಸಲ ಬಂದಿದ್ದಾಳೆ. ಹನ್ನೊಂದು ಸಲ ಬಂದವಳು ಕೊನೆಯ ದಿನ ಬರಲಿಲ್ಲ ಅಂದರೆ ಏನೋ ಆಗಿದೆ ಎಂದೇ ಅರ್ಥ.

ಥೂ ನನ್ನ ಬುದ್ಧಿಗಿಷ್ಟು! ಇವರಿಗೆ ಫೋನ್ ಮಾಡಿದೆ. ‘ಗಾಡಿ ತಗೊಂಡು ಬನ್ನಿ, ಏನೂ ಕೇಳಬೇಡಿ.’

ಬಂದರು. ಆದರೆ ಪಾಠದ ಮಧ್ಯೆ ಬಂದಿದ್ದರು, ಸ್ಟಿಯರಿಂಗ್ ಹಿಡಿದಿದ್ದವರು ಹಲ್ಲಿನ ಡಾಕ್ಟರು. ಕಲಿಯಲು ಶುರುಮಾಡಿ ನಾಲ್ಕು ದಿನವಾಗಿದೆಯಂತೆ. ಆಯಮ್ಮ ಇಳಿಯಲು ಒಪ್ಪಲಿಲ್ಲ. ‘ಇದು ನನ್ನ ಕ್ಲಾಸ್ ಟೈಮು. ಎಲ್ಲಿಗೆ ಹೇಳಿ, ನಾನೇ ಕರ್ಕೊಂಡು ಹೋಗ್ತೀನಿ.’ ಕಾರು ನೆಗೆಯಿತು, ನಿಂತಿತು, ಮತ್ತೆ ನೆಗೆಯಿತು. ದಾರಿಯಲ್ಲಿ ಸೈಕಲ್ಲಿನ ಮುದುಕರೊಬ್ಬರು ನಮ್ಮನ್ನು ದಾಟಿ ಹೋದರು, ತಿರುಗಿ ನೋಡಿ ಕನಿಕರವನ್ನೂ ತೋರಿಸಿದರು. ನಾನು ಮುಂದಿನ ಸೀಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದೆ. ಇವರು, ‘ಗಾಬರಿ ಬೇಡ, ನಿಧಾನ, ಚೆನ್ನಾಗಿ ಹೋಗ್ತಿದ್ದೀರಿ’ ಅನ್ನುತ್ತಲೇ ಇದ್ದರು. ಆಯಮ್ಮನಿಗೋ ನನಗೋ ತಿಳಿಯಲಿಲ್ಲ.

ಹುಡುಗಿ ಕೋಣೆಯಲ್ಲೇ ಇದ್ದಳು. ಪೆಟ್ಟಿಗೆ ಕಟ್ಟಿಟ್ಟಿದ್ದಳು. ಮೊನ್ನೆ ಮೊಬೈಲು ನೀರಿನ ಬಕೆಟ್ಟಿಗೆ ಬಿತ್ತಂತೆ, ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಾಳೆ. ‘ನಾನೇ ಬರೋಣ ಅಂತಿದ್ದೆ ಮೇಡಂ. ಆಮೇಲೆ ಎಷ್ಟು ಸಲ ನಿಮಗೆ ತೊಂದರೆ ಕೊಡೋದು ಅನ್ನಿಸ್ತು.’

‘ತೊಂದರೆ ಕೊಡೇ ತಾಯಿ! ಅದಕ್ಕೇ ನನಗೆ ಸಂಬಳ ಕೊಡೋದು’ ಎಂದು ರೇಗಿದೆ. ಆಮೇಲೆ ಸೀಟಿನ ವಿಷಯ ಹೇಳಿದೆ. ಅವಳು ಕಟ್ಟಿಟ್ಟ ಪೆಟ್ಟಿಗೆಯ ಮೇಲೇ ಕೂತುಬಿಟ್ಟಳು.

ಐದರೊಳಗೆ ಅವಳ ಸಹಿ ಕಚೇರಿಯಲ್ಲಿರಬೇಕು. ಅವಳನ್ನೂ ತುಂಬಿಕೊಂಡು ವಾಪಸ್ ಹೊರಟೆವು. ಕೂಡುರಸ್ತೆಯಲ್ಲಿ ಇಂಜಿನ್ ಆಫ್ ಆಯಿತು. ಹಿಂದಿನವರೆಲ್ಲ ಹಾರ್ನ್ ಬಜಾಯಿಸಿದರು. ಡಾಕ್ಟರು ಕಿಟಕಿಯಿಂದ ತಲೆ ಹೊರಹಾಕಿ, ‘ಸ್ವಲ್ಪ ಕಾಯ್ರೀ! ಒಳಗೆ ರಾಜ್ಯಶಾಸ್ತ್ರದವರಿದ್ದಾರೆ!’ ಎಂದು ಅಬ್ಬರಿಸಿದರು. ಎಲ್ಲರೂ ಗಪ್‌ಚುಪ್.

ನಾಲ್ಕು ಐವತ್ತಮೂರಕ್ಕೆ ಮೊಹರು ಒತ್ತಿದೆ. ಹುಡುಗಿ ಕಣ್ಣೊರೆಸಿಕೊಂಡು ಬಾಗಿಲ ತನಕ ಹೋದವಳು ತಿರುಗಿ, ‘ಮೂರನೇ ನಂಬರಿನವರು ಏನ್ ಮಾಡ್ತಾರೆ ಮೇಡಂ? ಪಾಪ’ ಅಂದಳು.

‘ಮುಂದಿನ ವರ್ಷ ಹಾಕ್ತಾರೆ’ ಅಂದೆ.

ಐದು ಗಂಟೆಗೆ ಪಟ್ಟಿ ರದ್ದಾಯಿತು ಎಂದು ಬರೆದು ಸಹಿ ಹಾಕಿದೆ. ಒಳ್ಳೆಯ ಪೆನ್ನಿನಲ್ಲೇ.

ಮೇ ೩೧

ಏನೂ ಆಗಿಲ್ಲ. ಬಟ್ಟೆ ಒಗೆದೆ.

ಜೂನ್ ೨, ಸೋಮವಾರ

ಮೂರನೇ ನಂಬರಿಗೆ ಪತ್ರ ಕಳಿಸಬೇಕು, ಅದು ಬಾಕಿ ಇತ್ತು. ಹಳೆಯ ಮಾದರಿ ತೆಗೆದರೆ ‘ತಮ್ಮ ಅರ್ಜಿಯನ್ನು ಪರಿಗಣಿಸಲಾಗಿರುವುದಿಲ್ಲ’ ಅಂತಿದೆ. ಬೆರಳು ಮುಂದೆ ಹೋಗಲಿಲ್ಲ. ಹರಿದು ಹೊಸದು ಬರೆದೆ. ಮುಖ್ಯಸ್ಥರು ಎಂದಿನಂತೆ ಓದದೆ ಸಹಿ ಹಾಕಿದರು. ಮಧ್ಯಾಹ್ನ ಅಂಚೆಗೆ ಹಾಕಿದೆ.

ಗಡ್ಡದ ಮೇಷ್ಟ್ರು ಕಿಟಕಿಯ ಬಳಿ ನಿಂತು ಈ ಪುಸ್ತಕದ ಕಡೆ ಬಗ್ಗಿ ನೋಡಿದರು. ‘ಅಂಚಲ್ಲಿ ಅದೇನು ಅಂಕಿ?’

‘ಏನಿಲ್ಲ ಸಾರ್. ಯಾರು ಎಷ್ಟು ಹೊತ್ತು ನಿಂತರು, ಯಾಕೆ ಬಂದ್ರು, ಏನಂದ್ರು, ಅಷ್ಟೇ.’

‘ಎಷ್ಟು ದಿನದಿಂದ?’

‘ಏಪ್ರಿಲ್ಲಿಂದ. ಒಂದು ನೂರಾ ಎಪ್ಪತ್ತು ಜನ ಆಗಿರಬಹುದು.’

‘ಸಂದರ್ಶನದಲ್ಲಿ ಕ್ಷೇತ್ರಕಾರ್ಯ ಮಾಡಿಲ್ಲ ಅಂದ್ರಲ್ಲ?’

‘ಮಾಡಿಲ್ಲವಲ್ಲ ಸಾರ್’ ಅಂದೆ.

ಅವರು ನನ್ನನ್ನು ನೋಡಿದರು, ಕಿಟಕಿಯನ್ನು ನೋಡಿದರು, ಗಹಗಹಿಸಿ ನಗುತ್ತಾ ಹೊರಟುಹೋದರು. ಸೀಟು ಹೋದವಳ ಮುಂದೆ ಹೀಗೆ ನಗಬಾರದಿತ್ತು. ‘ಆ ಪುಸ್ತಕ ಎಸೀಬೇಡಿ’ ಎಂದು ಮೆಟ್ಟಿಲಿಂದ ಕೂಗಿದ್ದು ಬೇರೆ. ಇದು ಕಚೇರಿಯ ಸ್ವತ್ತು, ಎಸೆಯುವ ಹಾಗಿಲ್ಲ, ಅಷ್ಟೂ ತಿಳಿಯದೇ ನನಗೆ?

ಜೂನ್ ೫

ಇವತ್ತು ಕಿಟಕಿಯಲ್ಲಿ ಜನವೋ ಜನ. ನಾಲ್ಕನೆಯವರಿಗೆ ಎಂ.ಎ. ಅರ್ಜಿ ತುಂಬುವುದು ಹೇಳಿಕೊಡುತ್ತಿದ್ದೆ, ಫೋನ್ ಬಂತು.

‘ಹಲೋ, ರಾಜ್ಯಶಾಸ್ತ್ರ ವಿಭಾಗನಾ? ನಿಮ್ಮಿಂದ ಒಂದು ಪತ್ರ ಬಂದಿದೆ. ಓದಲಾ?’

ಮಗಳ ದನಿ. ಹೂಂ ಅಂದೆ.

‘“ಈ ವರ್ಷ ನಿಮಗೆ ಸೀಟು ಸಿಗಲಿಲ್ಲ. ಹೇಳಲು ನಮಗೂ ಬೇಸರವಿದೆ. ನಿಮ್ಮ ಮುಂದೆ ಇಬ್ಬರಿದ್ದರು, ಖಾಲಿಯಾದದ್ದು ಎರಡೇ ಸೀಟು. ಇದರಲ್ಲಿ ನಿಮ್ಮ ತಪ್ಪಿಲ್ಲ. ಮುಂದಿನ ಅರ್ಜಿ ಮಾರ್ಚ್ ಮೊದಲ ವಾರ. ಏನೇ ಕೇಳುವುದಿದ್ದರೂ ಫೋನ್ ಮಾಡಿ.” ಅದಕ್ಕೇ ಮಾಡಿದೆ. ನಾನು ಮೂರನೇ ನಂಬರಿನವರ ಮಗಳು.’

‘ಹೇಳಿ’ ಅಂದೆ.

‘ಅವರು ಆರು ದಿನದಿಂದ ಮನೇಲಿ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡಾಡ್ತಿದ್ದಾರೆ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾರೆ. ನಮಗೆ ಕೇಳಿಸಲ್ಲ ಅಂದ್ಕೊಂಡಿದ್ದಾರೆ. ನಾವು ಏನ್ ಮಾಡ್ಬೇಕು ಮೇಡಂ?’

ಕಿಟಕಿಯಲ್ಲಿದ್ದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಕಡೆ ತಿರುಗಿ ಕೂತೆ.

‘ಅವರಿಗೆ ಹೇಳಿ, ಇನ್ನೊಂದು ಸಲ ಅವಕಾಶ ಇದೆ ಅಂತ. ಫೋಟೋ ಮೇಲೆ ಸಹಿ ಹಾಕೋದು ಮರೀಬಾರದು ಅಂತ.’

‘ಅಷ್ಟೇನಾ?’

‘ಐದೂವರೆಗೆ ಮನೆಗೆ ಬರ್ತಾರೆ. ಅವರನ್ನ ಒಂದು ಸಲ ಗಟ್ಟಿಯಾಗಿ ತಬ್ಕೋ ಪುಟ್ಟಾ’ ಅಂದೆ. ಅಷ್ಟೂ ಜನರ ಮುಂದೆ ಅತ್ತುಬಿಟ್ಟೆ. ನಲ್ಲಿ ಬಿಟ್ಟುಕೊಳ್ಳಲು ಅಲ್ಲಿ ನಲ್ಲಿಯೂ ಇರಲಿಲ್ಲ.

ಸಾಲಿನ ಕೊನೆಯಲ್ಲಿದ್ದ ಹೆಂಗಸು ಮೆಲ್ಲಗೆ, ‘ಮೇಡಂ, ಒಂದು ಗಂಟೆ ದಾಟ್ತು. ಊಟ ಮಾಡಿ, ನಾವು ಆಮೇಲೆ ಬರ್ತೀವಿ’ ಅಂದಳು. ‘ನಿಂತ್ಕೊಳಮ್ಮ, ಎಲ್ಲಿಗೆ ಹೋಗ್ತೀಯ, ಐದು ನಿಮಿಷದ ಕೆಲಸ’ ಅಂದೆ. ಅವಳದು ಹನ್ನೆರಡು ನಿಮಿಷ ಹಿಡಿಯಿತು. ಬರೆದಿಟ್ಟಿದ್ದೇನೆ.

ಸಂಜೆ ಡಬ್ಬಿ ಹಾಗೇ ವಾಪಸ್ ತಂದದ್ದನ್ನು ನೋಡಿ ಇವರು ಯಾಕೆ ಅಂತ ಕೇಳಿದರು. ಆ ಕಿಟಕಿಯ ಚಿಲಕದ ದೆಸೆಯಿಂದ, ಸರಿಯಾಗಿ ಬೀಳುವುದೇ ಇಲ್ಲ ಅಂದೆ. ನಾಳೆಯಾದರೂ ರಿಪೇರಿಗೆ ಬರೆಯಬೇಕು. ಏಪ್ರಿಲ್ಲಿಂದ ಮರೆಯುತ್ತಲೇ ಇದ್ದೇನೆ.